ಅದೇ ಕಾರಲ್ಲಿ ವಾಪಸ್ ಬರಬೇಕು

ನಮ್ಮ ರಾಜ್ಯದ ರಸ್ತೆಗಳಲ್ಲಿ ಅತ್ಯಂತ ಜೋಪಾನವಾಗಿ ಓಡುವ ಕಾರು ಯಾವುದು ಎಂದು ಯಾರಾದರೂ ಕೇಳಿದರೆ, ಬಾಣಂತಿಯನ್ನು ಮನೆಗೆ ಕರೆತರುವ ಕಾರೂ ಅಲ್ಲ, ಶೋರೂಮಿನಿಂದ ನೇರ ದೇವಸ್ಥಾನಕ್ಕೆ ಹೊರಟ ಹೊಸ ಕಾರೂ ಅಲ್ಲ, ರೇಸಿಗೆ ಹೊರಟ ಕಾರು ಎಂದೇ ನಾನು ಹೇಳುವುದು. ಹಂಪ್ ಕಂಡರೆ ಅದು ಓರೆಯಾಗಿ ಹತ್ತಿ ಓರೆಯಾಗಿ ಇಳಿಯುತ್ತದೆ. ಗುಂಡಿ ಕಂಡರೆ ನಿಂತು ಯೋಚನೆ ಮಾಡುತ್ತದೆ. ಹಿಂದಿನಿಂದ ಟೆಂಪೊದವನು ಹಾರನ್ ಹೊಡೆದರೆ ಮರ್ಯಾದೆಯಿಂದ ಎಡಕ್ಕೆ ಸರಿದು ದಾರಿ ಬಿಡುತ್ತದೆ. ಇದರ ಹಿಂದೆ ಸಂಸ್ಕಾರವೇನೂ ಇಲ್ಲ. ನಾಳೆ ಬೆಳಿಗ್ಗೆ ಆ ಕಾರನ್ನು ಗೋಳುಹೊಯ್ದುಕೊಳ್ಳುವುದಿದೆ. ಅದಕ್ಕೆ ಮುಂಚೆ ಒಂದು ಗೀರೂ ಬೀಳಬಾರದು, ಅಷ್ಟೇ.

ಆಟೋಕ್ರಾಸ್ ಎಂದರೆ ಟೀವಿಯಲ್ಲಿ ತೋರಿಸುವ ಹಾಗೆ ಇಪ್ಪತ್ತು ಕಾರುಗಳು ಒಂದರ ಬಾಲ ಒಂದು ಹಿಡಿದು ಓಡುವುದಲ್ಲ. ಒಂದು ಬಯಲು; ಅದರಲ್ಲಿ ಕೋನ್, ಹಳೇ ಟೈರು, ರಿಬ್ಬನ್ನುಗಳನ್ನು ಇಟ್ಟು ಮಾಡಿದ ಅಂಕುಡೊಂಕು ದಾರಿ. ಒಂದು ಸಲಕ್ಕೆ ಒಂದೇ ಕಾರು ಒಳಗೆ ಹೋಗಬೇಕು. ಎದುರಾಳಿ ಗಡಿಯಾರ. ಕೋನ್ ತಾಗಿದರೆ ನಮ್ಮ ಸಮಯಕ್ಕೆ ದಂಡದ ಸೆಕೆಂಡು ಸೇರುತ್ತದೆ, ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ಅಮೆರಿಕದವರು ಇದನ್ನು ದೊಡ್ಡ ದೊಡ್ಡ ಪಾರ್ಕಿಂಗ್ ಜಾಗಗಳಲ್ಲಿ, ಹಳೇ ವಿಮಾನ ನಿಲ್ದಾಣಗಳಲ್ಲಿ, ಗಟ್ಟಿ ನೆಲದ ಮೇಲೆ ಆಡುತ್ತಾರೆ. ಅಲ್ಲಿ ಒಂದು ಕೋನ್ ಉರುಳಿದರೆ 2 ಸೆಕೆಂಡು ದಂಡ. ತನ್ನ ಸರದಿ ಇಲ್ಲದಾಗ ಸ್ಪರ್ಧಿಯೇ ಬಿಸಿಲಲ್ಲಿ ನಿಂತು ಬೇರೆಯವರು ಉರುಳಿಸಿದ ಕೋನ್ ಎತ್ತಿ ನಿಲ್ಲಿಸಬೇಕು. ನಮ್ಮಲ್ಲಿ ಇದು ಹೆಚ್ಚಾಗಿ ಮಣ್ಣಿನ ಆಟ. ಕೊಡಗಿನಲ್ಲಂತೂ ಕೊಯ್ಲು ಮುಗಿದು ಭತ್ತದ ಗದ್ದೆ ಒಣಗಿತೆಂದರೆ ಗದ್ದೆಯೇ ಟ್ರ್ಯಾಕು. ಮಳೆಗಾಲದಲ್ಲಿ ಅಂಥವೇ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಜನ ಓಡುತ್ತಾರೆ, ಹಗ್ಗ ಜಗ್ಗುತ್ತಾರೆ; ಬೇಸಿಗೆಯಲ್ಲಿ ಕಾರು ಓಡಿಸುತ್ತಾರೆ. ಅಲ್ಲಿನ ನೆಲಕ್ಕೆ ವರ್ಷಕ್ಕೆ ಒಂದು ಬೆಳೆ, ಎರಡು ಓಟ.

ಈ ಆಟದ ದೊಡ್ಡ ಕುಳಗಳು ಕಾರನ್ನು ಲಾರಿಯ ಮೇಲೆ ಮಲಗಿಸಿಕೊಂಡು ಬರುತ್ತಾರೆ. ಜೊತೆಗೆ ಇಬ್ಬರು ಮೆಕ್ಯಾನಿಕ್ಕುಗಳು, ಒಂದು ರಾಶಿ ಟೈರು, ಮಡಚುವ ಕುರ್ಚಿ. ನಮ್ಮಂಥ ಹವ್ಯಾಸಿಗಳದು ಬೇರೆಯೇ ಕತೆ. ಶನಿವಾರ ಯಾವ ಕಾರಲ್ಲಿ ಹೋದೆವೋ ಭಾನುವಾರ ಸಂಜೆ ಅದೇ ಕಾರಲ್ಲಿ ವಾಪಸ್ ಬರಬೇಕು. ಸೋಮವಾರ ಅದೇ ಕಾರಲ್ಲಿ ಮಗಳನ್ನು ಕಾಲೇಜಿಗೆ ಬಿಟ್ಟು ಬ್ಯಾಂಕಿಗೆ ಹೋಗಬೇಕು. ಕಾರಿನ ಸಾಲ ಇನ್ನೂ ತೀರಿಲ್ಲ ಎಂಬುದು ಬೇರೆ. ಸಾಲ ಕೊಟ್ಟದ್ದು ನಾನು ಕೆಲಸ ಮಾಡುವ ಬ್ಯಾಂಕೇ ಆದ್ದರಿಂದ ಆ ಸಾಲದ ವಸೂಲಾತಿಯ ಮೇಲೆ ಕಣ್ಣಿಡುವವಳೂ ನಾನೇ. ಹವ್ಯಾಸಿಯ ಚಾಲನಾ ಕಲೆ ಎನ್ನುವುದೇನಿದ್ದರೂ ಈ ವಾಪಸ್ ಬರುವ ಚಿಂತೆಯಿಂದಲೇ ಹುಟ್ಟಿದ್ದು ಎಂದು ನನ್ನ ನಂಬಿಕೆ.

ನಮ್ಮ ಮನೆಯವರು ಓದಿನ ವಿಷಯದಲ್ಲಿ ಬಹಳ ಶಿಸ್ತಿನವರು. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯ ಚೀಟಿ ಇರುತ್ತದಲ್ಲ, ಅದನ್ನು ಪೂರ್ತಿ ಓದುವ ಮನುಷ್ಯನನ್ನು ನಾನು ಕಂಡದ್ದು ಇವರೊಬ್ಬರನ್ನೇ. ಹೊರಡುವ ಹಿಂದಿನ ರಾತ್ರಿ ಕಾರಿನ ವಿಮೆಯ ಕಾಗದ ತೆಗೆದುಕೊಂಡು ಕೂತರು.

“ಯಾವುದಕ್ಕೆ ಬಳಸಿದರೆ ವಿಮೆ ಇಲ್ಲ ಅಂತ ಪಟ್ಟಿ ಕೊಟ್ಟಿದ್ದಾರೆ, ಕೇಳು. ಬಾಡಿಗೆಗೆ ಓಡಿಸೋದು. ಸರಕು ಸಾಗಿಸೋದು. ಆಯೋಜಿತ ರೇಸು. ವೇಗ ಪರೀಕ್ಷೆ. ಬಾಳಿಕೆ ಪರೀಕ್ಷೆ.”

“ನಾನು ಬಾಡಿಗೆಗೆ ಓಡಿಸ್ತಿಲ್ವಲ್ಲ.”

“ಹೌದು, ಅದೊಂದರಲ್ಲಿ ನೀನು ಪಾಸು,” ಎಂದು ಕಾಗದವನ್ನು ಮಡಚಿಟ್ಟರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಆದರೆ ಮರುದಿನ ದಾರಿಯುದ್ದಕ್ಕೂ ಕಾರಿನ ಯಾವ ಮೂಲೆಯಿಂದ ಯಾವ ಸದ್ದು ಬಂದರೂ ಕಿವಿ ನಿಮಿರಿಸಿ, ಹುಬ್ಬು ಗಂಟಿಕ್ಕಿ, ಒಂದು ಕ್ಷಣ ಬಿಟ್ಟು ಸಡಿಲಿಸುತ್ತಿದ್ದರು. ಮಾತಾಡಿದ್ದರೇ ವಾಸಿಯಿತ್ತು.

ನಮ್ಮ ಅತ್ತೆ ಹೊರಟದ್ದು ಕಡೇ ಗಳಿಗೆಯಲ್ಲಿ. ಅವರದು ಮದ್ದೂರು ಸೀಮೆಯ ಹಳ್ಳಿ. ಬೆಳಿಗ್ಗೆ ಐದಕ್ಕೆ ನಾನು ಹೆಲ್ಮೆಟ್ ಒರೆಸುತ್ತಾ ಕೂತಿದ್ದಾಗ ಒಳಗಿಂದ ಬಂದರು.

“ಎಲ್ಗವ್ವ ಹೊರಟಿರದು?”

“ಕೊಡಗಿನ ಗೋಣಿಕೊಪ್ಪಕ್ಕೆ ಅತ್ತೆ. ಕಾರಿನ ಓಟ ಇದೆ.”

“ಓಡ್ಸೋರು ಯಾರು?”

“ನಾನೇ.”

“ಗೆದ್ರೆ ಏನ್ ಕೊಡ್ತರೆ?”

“ಒಂದು ಕಪ್ಪು.”

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. “ನಮ್ಮಪ್ಪ ಗಾಡಿ ಓಟದಲ್ಲಿ ಗೆದ್ದಾಗ ಹಿತ್ತಾಳೆ ಕೊಳಗ ಕೊಟ್ಟಿದ್ರು. ಕಪ್ಪಲ್ಲಿ ಏನವ್ವ ಬೇಯ್ಸದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಸೀರೆ ಬದಲಾಯಿಸಿ, ಚಿತ್ರಾನ್ನದ ಡಬ್ಬಿ, ಛತ್ರಿ ಮತ್ತು ಹಾಲಿನ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದು ಹಿಂದಿನ ಸೀಟಿನ ನಡುಮಧ್ಯೆ ಕೂತರು. ಹಾಲಿನ ಲೆಕ್ಕದ ಪುಸ್ತಕ ಯಾಕೆ ಎಂದು ಆಗ ಹೊಳೆಯಲಿಲ್ಲ.

ಮಂಡ್ಯ ಕಡೆಯ ಎತ್ತಿನಗಾಡಿ ಓಟದ ಬಗ್ಗೆ ಗೊತ್ತಿರುವವರಿಗೆ ಅತ್ತೆಯ ಉಮೇದು ಅರ್ಥವಾದೀತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಗಾಡಿ ಓಟಗಳಿಗೆ ತಡೆ ಹಾಕಿದ ಮೇಲೆ ಅತ್ತೆ ಅದನ್ನು ಮನೆಯ ಸಾವೆಂಬಷ್ಟು ಹಚ್ಚಿಕೊಂಡಿದ್ದರಂತೆ. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿದಾಗ, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿದಾಗ ನಮ್ಮ ಮನೆಯಲ್ಲಿ ಪಾಯಸ ಆಗಿತ್ತು. ಹಳ್ಳಿಕಾರ್ ಎತ್ತಿನ ಕೊಂಬು, ಗೊರಸು, ಬೆನ್ನಿನ ನೀಳ ನೋಡಿ ಅದು ಎಷ್ಟು ಓಡೀತು ಎಂದು ಅತ್ತೆ ಹೇಳಬಲ್ಲರು. ನಮ್ಮ ಕಾರನ್ನು ಕೊಂಡ ದಿನ ಅದರ ಸುತ್ತ ಒಂದು ಸುತ್ತು ಬಂದು “ಹಿಂದ್ಗಡೆ ಸಣ್ಣಾಯ್ತು” ಎಂದಷ್ಟೇ ಹೇಳಿದ್ದರು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರ್ ಉದ್ದ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಟ್ರ್ಯಾಕ್ಟರುಗಳನ್ನು ನಿಲ್ಲಿಸಿದ ಮೇಲೆ ಆ ರಸ್ತೆಯಲ್ಲಿ ಎಲ್ಲರಿಗಿಂತ ನಿಧಾನದ ವಾಹನ ಎಂಬ ಸ್ಥಾನ ತೆರವಾಗಿತ್ತು. ಆ ಶನಿವಾರ ಅದನ್ನು ನಾವು ತುಂಬಿದೆವು. ಗಂಟೆಗೆ 100 ಕಿಲೋಮೀಟರಿನ ಮಿತಿ, ನಮ್ಮವರು 70 ದಾಟಲಿಲ್ಲ. ಕಲ್ಲು ಸಿಡಿದು ಗಾಜಿಗೆ ಬಿದ್ದರೆ? ಟೈರು ಬಿಸಿಯಾದರೆ? ತಮಿಳುನಾಡಿನ ಒಂದು ಬಸ್ಸು ನಮ್ಮನ್ನು ದಾಟುವಾಗ ಕಿಟಕಿಯಲ್ಲಿದ್ದ ಮಗು ನಮ್ಮ ಕಡೆ ಕೈ ಬೀಸಿತು. ನನ್ನ ಕಾಲ ಬಳಿ ಹೆಲ್ಮೆಟ್ ಇತ್ತು. ಅದರ ಮೇಲೊಂದು ಟವೆಲ್ ಹಾಕಿ ಮುಚ್ಚಿದೆ.

ಎಕ್ಸ್‌ಪ್ರೆಸ್‌ವೇ ಮದ್ದೂರನ್ನು ಮೇಲಿಂದ ಮೇಲೆಯೇ ದಾಟಿಸಿಬಿಡುತ್ತದೆ. ವಡೆ ಬೇಕೆಂದರೆ ಕೆಳಗಿಳಿದು ಹಳೇ ರಸ್ತೆಗೆ ಹೋಗಬೇಕು. “ತವರೂರಿನ ನೆತ್ತಿ ಮೇಲೆ ಓಡಿಸ್ಕಂಡು ಓಯ್ತಿಯೇನ್ಲಾ?” ಎಂದು ಅತ್ತೆ ಮಗನನ್ನು ಕೇಳಿದ ದನಿಗೆ ಇಂಡಿಕೇಟರ್ ತನ್ನಷ್ಟಕ್ಕೆ ಬಿತ್ತು. ಮದ್ದೂರು ವಡೆಯ ಬಗ್ಗೆ ಒಂದು ಮಾತು: ಅದನ್ನು ಕಾರಿನೊಳಗೆ ತಿನ್ನಬಾರದು. ಅದು ಕಡಿದ ಕೂಡಲೇ ಪುಡಿಪುಡಿಯಾಗಿ ಸೀಟಿನ ಸಂದುಗಳಿಗೆ ಇಳಿಯುತ್ತದೆ, ಅಲ್ಲಿಂದ ಹೊರಗೆ ಬರುವುದಿಲ್ಲ. ಕಾರಿನ ತೂಕ ಇಳಿಸಲು ಸ್ಟೆಪ್ನಿ ತೆಗೆಯುವವರುಂಟು, ಹಿಂದಿನ ಸೀಟು ಬಿಚ್ಚುವವರುಂಟು. ನಾವು ವಡೆಯ ಪುಡಿಯಿಂದ ತೂಕ ಏರಿಸಿಕೊಂಡು ಹೊರಟೆವು.

ಮೈಸೂರು, ಹುಣಸೂರು. ತಂಬಾಕು ಬ್ಯಾರನ್‌ಗಳ ಸಾಲು. ಪಂಚವಳ್ಳಿ ದಾಟಿ ಆನೆಚೌಕೂರಿನ ಹತ್ತಿರ ಕಾಡು ಶುರುವಾಗುತ್ತದೆ. ಅಲ್ಲಿ ಎಲ್ಲರೂ ನಿಧಾನವಾಗಿ ಹೋಗಲೇಬೇಕಾದ್ದರಿಂದ ಮೊದಲ ಬಾರಿಗೆ ನಾವು ಸಮಾಜದೊಂದಿಗೆ ಸಮನಾಗಿ ಚಲಿಸಿದೆವು. ಮತ್ತಿಗೋಡು ಆನೆ ಶಿಬಿರ ರಸ್ತೆಯ ಪಕ್ಕದಲ್ಲೇ ಇದೆ. 2020ರಿಂದ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊರುವ ಅಭಿಮನ್ಯು ಆ ಶಿಬಿರದವನು. ಅತ್ತೆ ಕೂತಲ್ಲಿಂದಲೇ ಕೈ ಮುಗಿದರು. ಅಂಬಾರಿಯ ತೂಕ 750 ಕಿಲೋ, ಒಂದು ಮಾರುತಿ 800 ಕಾರೂ ಅಷ್ಟು ತೂಗುವುದಿಲ್ಲ ಎಂದು ಇವರು ಮಾಹಿತಿ ಕೊಟ್ಟರು.

“ಅದ್ನೂ ಹೊತ್ಕಂಡು, ಜನದ ಮಧ್ಯೆ, ಒಂದಿಷ್ಟೂ ಗಾಬ್ರಿ ಇಲ್ದೆ ನಡೀತನಲ್ಲ ಅವ್ನು,” ಎಂದರು ಅತ್ತೆ. “ನೀನು ನೋಡು. ಖಾಲಿ ರಸ್ತೆ, ಮೂರೇ ಜನ. ಎಂಗೆ ಬೆವರ್ತಿದ್ದೀಯ!”

ಫೆಬ್ರವರಿಯ ಗೋಣಿಕೊಪ್ಪದಲ್ಲಿ ರೊಬಸ್ಟಾ ಕೊಯ್ಲಿನ ಭರಾಟೆ. ನಾವು ಇಳಿದುಕೊಂಡ ಮನೆಯ ಅಂಗಳದ ತುಂಬ ಕಾಫಿ ಹರವಿದ್ದರು. ಅಂಚಿನಲ್ಲಿ, ಗೊಬ್ಬರದ ಚೀಲಗಳ ಪಕ್ಕ ನಮಗೆ ಜಾಗ. ಅಲ್ಲಿ ಕಾರನ್ನು ಖಾಲಿ ಮಾಡುವ ಕೆಲಸ ಶುರುವಾಯಿತು. ಓಟದ ಕಾರಿನೊಳಗೆ ಸಡಿಲವಾದ ವಸ್ತು ಒಂದೂ ಇರಬಾರದು ಎಂಬುದು ಎಲ್ಲ ಕಡೆಯ ನಿಯಮ. ತಿರುವಿನಲ್ಲಿ ಒಂದು ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಂಡರೆ ಮುಂದಿನದನ್ನು ಬೇರೆಯವರು ಹೇಳಬೇಕಾಗುತ್ತದೆ.

ಸಂಸಾರಸ್ಥರ ಕಾರನ್ನು ಖಾಲಿ ಮಾಡುವುದೆಂದರೆ ಮನೆ ಬದಲಾಯಿಸಿದ ಹಾಗೆ. ಬಿಚ್ಚದ ಛತ್ರಿಗಳು, ಮಗಳ ಒಂಟಿ ಶೂ, ಧರ್ಮಸ್ಥಳದ ಪ್ರಸಾದ, ಯಾವುದೋ ಗೃಹಪ್ರವೇಶದ ರವಿಕೆ ಕಣ, ಬ್ಯಾಂಕಿನ ಹಳೇ ಡೈರಿ, ಇವರು ಹುಡುಕಿ ಹುಡುಕಿ ಕಡೆಗೆ ಹೊಸದು ಕೊಂಡ ಕನ್ನಡಕ. ಡಿಕ್ಕಿಯ ತಳದಲ್ಲಿ, ಸ್ಟೆಪ್ನಿಯ ಪಕ್ಕದ ಸಂದಿನಲ್ಲಿ ಒಂದು ತೆಂಗಿನಕಾಯಿ ಸಿಕ್ಕಿತು, ಮದುವೆಯ ತಾಂಬೂಲದ್ದು. ಕಾರು ಬಲಕ್ಕೆ ತಿರುಗಿದಾಗೆಲ್ಲ ಹಿಂದಿನಿಂದ ಗಡಗಡ ಎನ್ನುವುದು ಸಸ್ಪೆನ್ಷನ್ ದೋಷ ಎಂದು ಹೇಳಿ ಒಬ್ಬ ಮೆಕ್ಯಾನಿಕ್ ಎರಡೂ ಕಡೆಯ ಬುಷ್ ಬದಲಾಯಿಸಿದ್ದ. ನಮ್ಮವರು ಆ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅತ್ತೆ ಕಿತ್ತುಕೊಂಡು ಅಲ್ಲಾಡಿಸಿ, “ನೀರದೆ,” ಎಂದು ಸೆರಗಿನಲ್ಲಿಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ನೂಪುಟ್ಟು ತಿಂದು ಗದ್ದೆಗೆ ಹೋದೆವು. ಮೊದಲು ತಪಾಸಣೆ. ಇಪ್ಪತ್ತೈದರ ಒಬ್ಬ ಹುಡುಗ, ಬಹಳ ವಿನಯವಂತ, ಬಾನೆಟ್ ಎತ್ತಿಸಿ ಬ್ಯಾಟರಿಯ ಟರ್ಮಿನಲ್ಲಿಗೆ ಇನ್ಸುಲೇಷನ್ ಟೇಪು ಸುತ್ತಿದೆಯೇ ನೋಡಿದ. ಸಿಕ್ಕಿಹಾಕಿಕೊಂಡರೆ ಎಳೆಯಲು ಕೊಕ್ಕೆ ಇದೆಯೇ ನೋಡಿದ. ಸೀಟ್ ಬೆಲ್ಟನ್ನು ಜಗ್ಗಿದ. ನನ್ನ ಹೆಲ್ಮೆಟ್, ಉದ್ದ ತೋಳಿನ ಹತ್ತಿ ಅಂಗಿ, ಶೂ ನೋಡಿ ತಲೆಯಾಡಿಸಿದ. ಕಡೆಗೆ ಅವನ ಕಣ್ಣು ಡ್ಯಾಶ್‌ಬೋರ್ಡಿನ ಗಣಪನ ಮೇಲೆ ನಿಂತಿತು.

“ಮೇಡಂ, ಇವರು ಅಂಟಿಕೊಂಡಿದ್ದಾರಾ, ಸುಮ್ಮನೆ ಕೂತಿದ್ದಾರಾ?”

“ಅಂಟಿಸಿದ್ದೇವೆ.”

ಹುಡುಗ ಕೈ ಮುಗಿದು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಗಣಪ ಜಗ್ಗಲಿಲ್ಲ. “ಇವರು ಓಕೆ,” ಎಂದು ಫಾರಂನಲ್ಲಿ ಗುರುತು ಹಾಕಿದ. ನನಗೆ ಅಷ್ಟು ಸುಲಭದಲ್ಲಿ ಗುರುತು ಬಿದ್ದಿರಲಿಲ್ಲ.

ಓಡಿಸುವ ಮೊದಲು ಎಲ್ಲರೂ ಟ್ರ್ಯಾಕಿನಲ್ಲಿ ನಡೆಯಬೇಕು. ದೂರದಿಂದ ನೋಡುವವರಿಗೆ ಇದು ವಿಚಿತ್ರ ದೃಶ್ಯ. ವಯಸ್ಸಾದ ಗಂಡಸರು, ಕಾಲೇಜಿನ ಹುಡುಗರು, ಒಂದಷ್ಟು ಹೆಂಗಸರು, ಕೊಯ್ದ ಗದ್ದೆಯಲ್ಲಿ ತಲೆ ತಗ್ಗಿಸಿಕೊಂಡು, ಇಲ್ಲದ ಸ್ಟೀರಿಂಗನ್ನು ಗಾಳಿಯಲ್ಲಿ ತಿರುಗಿಸುತ್ತಾ, “ಎಡ, ಎಡ, ಉದ್ದ ಬಲ, ಬದು, ಡ್ರಮ್ಮು” ಎಂದು ಗೊಣಗುತ್ತಾ ಸುತ್ತುತ್ತಿರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. “ಇವ್ರ್ಗೆಲ್ಲ ಏನಾಗದೆ?” ಎಂದು ಅತ್ತೆ ಪಕ್ಕದಲ್ಲಿದ್ದ ಪೊಲೀಸಿನವರನ್ನು ಕೇಳಿದರಂತೆ.

ಆಮೇಲೆ ಕಾಯುವುದು. ಈ ಆಟವನ್ನು ವೇಗದ ಆಟ ಎನ್ನುವವರು ಇದನ್ನು ಫೋಟೋದಲ್ಲಿ ಮಾತ್ರ ನೋಡಿರಬೇಕು. ಒಂದು ಕಾರು ಹೋದರೆ ಎದ್ದ ದೂಳು ಅಡಗುವ ತನಕ ಇನ್ನೊಂದನ್ನು ಬಿಡುವುದಿಲ್ಲ. ದೂಳು ಜಾಸ್ತಿಯಾದರೆ ಟ್ಯಾಂಕರು ಬಂದು ನೀರು ಹಾಕಬೇಕು. ನೀರು ಜಾಸ್ತಿಯಾದರೆ ಆರುವ ತನಕ ಕಾಯಬೇಕು. ನನ್ನ ಎರಡು ಸರದಿ ಸೇರಿಸಿದರೂ ನಾಲ್ಕು ನಿಮಿಷವಾಗದು. ಅದಕ್ಕಾಗಿ ಇನ್ನೂರು ಕಿಲೋಮೀಟರಿಗೂ ಮೀರಿದ ಪ್ರಯಾಣ, ಒಂದು ರಾತ್ರಿಯ ಬಾಡಿಗೆ, ಎಂಟ್ರಿ ಫೀಸು, ಮತ್ತು ಇಡೀ ಹಗಲಿನ ಬಿಸಿಲು. ಬೆಲೆಯನ್ನು ನಿಮಿಷಕ್ಕಿಷ್ಟು ಎಂದು ಇವರು ಲೆಕ್ಕ ಹಾಕಿದ್ದರು, ನನಗೆ ಹೇಳಲಿಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಮುಚ್ಚಲು ಮರೆತಿದ್ದರು.

ನನ್ನ ಪಕ್ಕ ಕಾರು ನಿಲ್ಲಿಸಿಕೊಂಡಿದ್ದವರು ಮಂಗಳೂರಿನವರು, ಹಳೇ ಎಸ್ಟೀಮಿನವರು. ಇಂಜಿನ್ನಿನ ಸಿಸಿ ಪ್ರಕಾರ ಒಂದೊಂದು ಕ್ಲಾಸು, ಹೊಸಬರಿಗೊಂದು, ಲೇಡೀಸಿಗೊಂದು, ಎಲ್ಲರಿಗೂ ತೆರೆದದ್ದೊಂದು ಎಂದು ಇಷ್ಟೊಂದು ವಿಭಾಗ ಯಾಕೆ ಎಂದು ನಮ್ಮವರು ಕೇಳಿದ್ದಕ್ಕೆ ಅವರು ನಕ್ಕರು. “ಕಂಬಳದಲ್ಲಿಯೂ ಹೀಗೇ ಅಲ್ವಾ ಮಾರ್ರೆ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ. ಅದರಲ್ಲಿ ಹಿರಿಯ, ಕಿರಿಯ. ಎಲ್ಲರಿಗೂ ಒಂದು ಬಹುಮಾನ ಸಿಗಬೇಕಲ್ಲ.” 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನೂ, ಅದಾದ ಮೇಲೆ ದೇಶಕ್ಕೆ ದೇಶವೇ ಅವರನ್ನು ಓಟಗಾರ ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದನ್ನೂ ಅವರು ವಿವರಿಸುತ್ತಿದ್ದಾಗ ಅತ್ತೆ ತಿರುಗಿ ಕೇಳಿದರು: “ಟೇಮು ಯಾರು ಬರ್ಕಂಡ್ರು?”

ಆಗ ನೋಡಿದೆ. ಅತ್ತೆ ಛತ್ರಿ ಬಿಚ್ಚಿಕೊಂಡು, ತಂತಿಯ ಈಚೆ, ಶುರುವಿನ ಗೆರೆಯೂ ಕಡೆಯ ಗೆರೆಯೂ ಎರಡೂ ಕಾಣುವ ಜಾಗ ಹಿಡಿದು ಕೂತಿದ್ದರು. ಒಂದು ಕೈಯಲ್ಲಿ ಮೊಬೈಲು. ಅದರ ಸ್ಟಾಪ್‌ವಾಚನ್ನು ಮೊಮ್ಮಗಳು ಯಾವತ್ತೋ ಕಲಿಸಿದ್ದಳು. ತೊಡೆಯ ಮೇಲೆ ಹಾಲಿನ ಲೆಕ್ಕದ ಪುಸ್ತಕ. ಪ್ರತಿ ಕಾರಿನ ನಂಬರು, ಬಣ್ಣ, ಸಮಯ, ಕೊನೆಯಲ್ಲಿ ಷರಾ. ಷರಾಗಳು ಚಿಕ್ಕವು: ‘ಗಾಬರಿ’, ‘ಪರವಾಗಿಲ್ಲ’, ‘ಬಾಲ ಹೊಡೀತು’, ‘ಮೀಸೆ, ಆದ್ರೆ ಚೆನ್ನಾಗಿ ತಿರುಗಿಸ್ದ’. ಸಂಘಟಕರ ಗಡಿಯಾರ ಬೆಳಕಿನ ಕಿರಣದಿಂದ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ತನಕ ಅಳೆಯುತ್ತಿತ್ತು, ಆದರೆ ಪಟ್ಟಿ ಹೊರಗೆ ಬರಲು ತಡ. ಅತ್ತೆಯ ಗಡಿಯಾರ ಅಷ್ಟು ಸೂಕ್ಷ್ಮವಲ್ಲ, ಆದರೆ ತಕ್ಷಣ ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ಏಳೆಂಟು ಹುಡುಗರು “ಅಜ್ಜಿ, ನಂದೆಷ್ಟು?” ಎಂದು ಸುತ್ತ ನೆರೆದಿದ್ದರು. ಸಮಯ ಹೇಳುವ ಮೊದಲು ಅತ್ತೆ ಒಬ್ಬೊಬ್ಬರಿಗೂ ಊರು, ಅಪ್ಪನ ಹೆಸರು ಕೇಳುತ್ತಿದ್ದರು.

ನನ್ನ ಸರದಿ ಬಂತು. ಅಲ್ಲಿ ಓಟದ ಹೊತ್ತಿನಲ್ಲಿ ಚಾಲಕರ ಪಕ್ಕದ ಸೀಟಿನಲ್ಲಿ ಯಾರೂ ಕೂರುವಂತಿಲ್ಲ. ಈ ಕ್ರೀಡೆಯ ನಿಯಮಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು. ಮದುವೆಯಾದ ಹೆಂಗಸೊಬ್ಬಳು “ಬ್ರೇಕ್, ಬ್ರೇಕ್” ಎಂಬ ದನಿಯಿಲ್ಲದೆ ಕಾರು ಓಡಿಸಲು ಕಾನೂನೇ ಅವಕಾಶ ಮಾಡಿಕೊಡುವ ಜಾಗ ಇನ್ನೊಂದಿಲ್ಲ.

ಗೆರೆಯ ಪಕ್ಕ ನಿಂತ ಹುಡುಗ ಐದು, ನಾಲ್ಕು ಎಂದು ಬೆರಳು ಮಡಿಸಿದ. ಹೊರಟೆ. ಮುಂದಿನ ಚಕ್ರಗಳಿಂದ ಓಡುವ ನಮ್ಮ ಮನೆಗಳ ಕಾರನ್ನು ಸಡಿಲ ಮಣ್ಣಿನಲ್ಲಿ ಜೋರಾಗಿ ತಂದು ಸ್ಟೀರಿಂಗ್ ತಿರುಗಿಸಿದರೆ ಸ್ಟೀರಿಂಗ್ ಮಾತ್ರ ತಿರುಗುತ್ತದೆ, ಕಾರು ತನ್ನ ಪಾಡಿಗೆ ನೇರ ಹೋಗುತ್ತಿರುತ್ತದೆ. ಆದ್ದರಿಂದ ತಿರುವಿಗೆ ಮೊದಲೇ, ಕಾರು ಇನ್ನೂ ನೆಟ್ಟಗಿರುವಾಗಲೇ ಬ್ರೇಕ್ ಒತ್ತಬೇಕು. ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರುಗಳು ಮಣ್ಣು ಕಚ್ಚುತ್ತವೆ, ಆಗ ತಿರುಗಿಸಿದರೆ ಮೂತಿ ಒಳಕ್ಕೆ ಬರುತ್ತದೆ. ಆಮೇಲೂ ಆತುರ ಕೂಡದು. ಕಾರು ಮತ್ತೆ ನೆಟ್ಟಗಾದ ಮೇಲೆಯೇ ಆಕ್ಸಿಲರೇಟರ್ ತುಳಿಯಬೇಕು. ಗದ್ದಲ ಮಾಡಿ, ದೂಳೆಬ್ಬಿಸಿ, ಹಿಂಭಾಗ ಬೀಸಿ ಜನರಿಂದ ಶಿಳ್ಳೆ ಗಿಟ್ಟಿಸಿದ ಕಾರುಗಳ ಸಮಯ ನೋಡಿದರೆ ಸಾಮಾನ್ಯವಾಗಿ ಪಟ್ಟಿಯ ಕೆಳಗಿರುತ್ತದೆ. ಗೆಲ್ಲುವ ಕಾರು ನೋಡಲು ಸಪ್ಪೆ.

ಒಂಟಿ ಡ್ರಮ್ಮಿನ ತಿರುವು ಮಾತ್ರ ಬೇರೆ. ಅದನ್ನು ಪೂರ್ತಿ ಸುತ್ತಿ ಬಂದ ದಿಕ್ಕಿಗೇ ಮರಳಬೇಕು. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರಗಳು ಬಿಗಿದು, ಹಿಂಭಾಗ ಜಾರಿ, ಕಾರು ನಿಂತಲ್ಲೇ ಮುಖ ತಿರುಗಿಸುತ್ತದೆ. ನಮ್ಮ ಕಾರಿನ ಹ್ಯಾಂಡ್‌ಬ್ರೇಕನ್ನು ಮಾಡಿದ್ದು ಇದಕ್ಕಲ್ಲ, ಮಲ್ಲೇಶ್ವರದ ಇಳಿಜಾರಿನಲ್ಲಿ ಸೊಪ್ಪು ಕೊಳ್ಳುವಷ್ಟು ಹೊತ್ತು ಕಾರು ನಿಲ್ಲಿಸಲು. ಎಳೆದೆ. ಅದಕ್ಕೂ ಆಶ್ಚರ್ಯವಾಗಿರಬೇಕು. ಕಾರು ಅರ್ಧ ತಿರುಗಿತು, ಉಳಿದರ್ಧವನ್ನು ನಾನು ತಿರುಗಿಸಿದೆ. ಡ್ರಮ್ಮು ನಿಂತಿತ್ತು.

ಅಲ್ಲಿಂದ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯಬೇಕು. ಬದು ಕಡಿದು ಮಟ್ಟ ಮಾಡಿದ್ದರು. ಅವರು ಮಟ್ಟ ನೋಡಿದ್ದು ಜಿಪ್ಸಿಯಲ್ಲಿ ಕೂತು. 1985ರಲ್ಲಿ ಮಾರುತಿ ಕಂಪನಿ ಹೊರತಂದ ಆ ಗಾಡಿಯನ್ನು ತಯಾರಿಸುವುದು ನಿಂತು ವರ್ಷಗಳಾದರೂ ಕೊಡಗಿನಲ್ಲಿ ಯಾರೂ ಮಾರುವುದಿಲ್ಲ, ಯಾಕೆಂದರೆ ಅದಕ್ಕೆ ಬದು ಎಂಬುದೇ ಇಲ್ಲ. ನಮ್ಮ ಕಾರಿನ ಹೊಟ್ಟೆ ದಡ್ ಎಂದಿತು. ಆ ಸದ್ದಿಗೆ ನನ್ನೊಳಗಿನ ಬ್ಯಾಂಕಿನವಳು ದಡಬಡಿಸಿ ಎದ್ದಳು. ಸಂಪ್ ಗಾರ್ಡೋ, ಸೈಲೆನ್ಸರೋ? ಸೈಲೆನ್ಸರಾದರೆ ಎಷ್ಟು? ವಿಮೆ ಕೇಳುವಂತಿಲ್ಲ. ಹುಣಸೂರಿನಲ್ಲಿ ಭಾನುವಾರ ಗ್ಯಾರೇಜು ತೆರೆದಿರುತ್ತದೆಯೇ? ನಾಳೆ ಮಗಳಿಗೆ ಎಂಟೂಕಾಲಕ್ಕೆ ಟೆಸ್ಟು. ಲಾರಿಯಲ್ಲಿ ಕಾರು ತಂದವರು ಅದೇ ಬದುವನ್ನು ಅದೇ ಸದ್ದು ಮಾಡಿಕೊಂಡು ಇಳಿದಿದ್ದರು, ಆದರೆ ಅವರು ಆ ಸದ್ದನ್ನು ಕೇಳುವುದಿಲ್ಲ. ಅವರಿಗೂ ನಮಗೂ ಇರುವ ವ್ಯತ್ಯಾಸ ಕೈಚಳಕದ್ದಲ್ಲ, ಆ ಒಂದು ಸದ್ದಿನದು. ಅವರ ಕಾಲು ಮೇಲೇಳುವುದಿಲ್ಲ. ನಮ್ಮದು ಒಂದು ಕೂದಲಿನಷ್ಟು ಮೇಲೇಳುತ್ತದೆ. ಎಲ್ಲ ಹವ್ಯಾಸಿಗಳ ಕಾಲೂ ಅಲ್ಲೇ ಮೇಲೆದ್ದದ್ದನ್ನು ಅತ್ತೆ ತಂತಿಯ ಈಚೆಯಿಂದಲೇ ಗುರುತಿಸಿದ್ದರು. ಪುಸ್ತಕದಲ್ಲಿ ನನ್ನ ಸಾಲಿನ ಷರಾ: ‘ಬದುವಿನ ಹತ್ರ ಮನೆ ನೆನಪಾಯ್ತು.’

ಲೇಡೀಸ್ ಕ್ಲಾಸಿನಲ್ಲಿ ನಾನು ನಾಲ್ಕನೆಯವಳು. ಎಷ್ಟು ಜನರಲ್ಲಿ ಎಂದು ಕೇಳುವುದು ಸಭ್ಯತೆಯಲ್ಲ. ಮೊದಲು ಬಂದದ್ದು ಹದಿನೆಂಟು ತುಂಬಿ ಲೈಸೆನ್ಸಿನ ಮಸಿಯೂ ಆರದ ಸ್ಥಳೀಯ ಹುಡುಗಿ, ಅಪ್ಪನ ಜಿಪ್ಸಿಯಲ್ಲಿ. ಎಲ್ಲಿ ಅಭ್ಯಾಸ ಮಾಡಿದೆ ಎಂದರೆ, “ಅಭ್ಯಾಸ ಏನಿಲ್ಲ ಆಂಟಿ, ದಿನಾ ತೋಟಕ್ಕೆ ಊಟ ತಕ್ಕೊಂಡು ಹೋಗ್ತೇನೆ,” ಎಂದಳು. ಮೂರನೆಯವಳಿಗೂ ನನಗೂ ನಡುವೆ 0.318 ಸೆಕೆಂಡು.

“ಅದು ಎಷ್ಟೊತ್ತಾಯ್ತದೆ?” ಎಂದು ಅತ್ತೆ ಕೇಳಿದರು.

“ಒಂದು ಸಲ ಕಣ್ಣು ಮಿಟುಕಿಸೋವಷ್ಟು,” ಎಂದರು ಇವರು.

“ಅಂಗಾದ್ರೆ ಇವ್ಳು ಮಿಟುಕಿಸವ್ಳೆ, ಅವ್ಳು ಮಿಟುಕಿಸಿಲ್ಲ,” ಎಂದು ಅತ್ತೆ ವಿಚಾರಣೆ ಮುಗಿಸಿದರು.

ಸಂಘಟಕರು ಅತ್ತೆಗೆ ಒಂದು ಟೀಶರ್ಟು ಕೊಟ್ಟರು. ಅದನ್ನು ಸೀರೆಯ ಮೇಲೇ ಹಾಕಿಕೊಂಡರು. ಎಸ್ಟೀಮಿನವರು ಮುಂದಿನ ತಿಂಗಳು ಮಂಗಳೂರಿಗೆ ಬನ್ನಿ ಎಂದು ಕರೆದದ್ದು ನನ್ನನ್ನೋ ಅತ್ತೆಯನ್ನೋ ಸರಿಯಾಗಿ ತಿಳಿಯಲಿಲ್ಲ. ನಂಬರು ತೆಗೆದುಕೊಂಡದ್ದು ಅತ್ತೆಯದು. ನಮ್ಮವರು ಕಾರಿನ ಕೆಳಗೆ ಟಾರ್ಚು ಹಿಡಿದು ಮಲಗಿ, ಎದ್ದು, ಬೆನ್ನಿನ ಮಣ್ಣು ಕೊಡವಿ, “ಗಾರ್ಡು ಬಗ್ಗಿದೆ, ಅಷ್ಟೇ,” ಎಂದಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ನಮ್ಮ ಮದುವೆಯ ಫೋಟೋಗಳಲ್ಲೂ ಕಂಡಿಲ್ಲ. ಬಿಚ್ಚಿಟ್ಟ ಸಂಸಾರವನ್ನೆಲ್ಲ ಮತ್ತೆ ಕಾರಿಗೆ ತುಂಬಿದೆವು.

ವಾಪಸ್ ನಾನೇ ಓಡಿಸಿದೆ. ಬಾಗಿಲಿನ ಮೇಲಿನ ನಂಬರ್ ಸ್ಟಿಕರ್ ಕೀಳಲು ಮನಸ್ಸಾಗಲಿಲ್ಲ. ಗಾಜಿನ ತನಕ ಮಣ್ಣು, ಪಕ್ಕೆಯ ಮೇಲೆ ಗದ್ದೆಯ ಕೂಳೆ ಸಿಕ್ಕಿಕೊಂಡದ್ದು ಹಾಗೇ ಇತ್ತು. ಗಣಂಗೂರಿನ ಟೋಲಿನಲ್ಲಿ ಹುಡುಗ ಬಗ್ಗಿ ನೋಡಿ, ಓಡಿಸುತ್ತಿರುವವಳನ್ನು ನೋಡಿ, ಹಿಂದೆ ಟೀಶರ್ಟು ತೊಟ್ಟ ಅತ್ತೆಯನ್ನು ನೋಡಿ, ಏನೂ ಕೇಳದೆ ಗೇಟು ಎತ್ತಿದ. ಎಕ್ಸ್‌ಪ್ರೆಸ್‌ವೇಯಲ್ಲಿ ನಾನೂ 70 ದಾಟಲಿಲ್ಲ. ಬಗ್ಗಿದ ಗಾರ್ಡು ಮನೆಯ ತನಕ ಇರಬೇಕಲ್ಲ.

ಕೆಂಗೇರಿ ದಾಟಿದ ಮೇಲೆ ಒಂದು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಬ್ಬ ಹುಡುಗ ಬಂದು ನಿಂತ. ಕಪ್ಪು ಕಾರು, ಕಿಟಕಿಯೆಲ್ಲ ಹಾಡು. ನಮ್ಮ ಬಾಗಿಲಿನ ನಂಬರು ನೋಡಿದ, ಮಣ್ಣು ನೋಡಿದ, ಇಂಜಿನ್ನನ್ನು ಎರಡು ಸಲ ಗುರ್ರೆನ್ನಿಸಿದ. ನಮ್ಮವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಹಸಿರು ಬಿತ್ತು. ಹುಡುಗ ಟೈರು ಕಿರುಚಿಸಿಕೊಂಡು ಹೋಗಿಬಿಟ್ಟ. ನಾನು ಮೊದಲನೇ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು, ಸಾವಕಾಶವಾಗಿ ಹೊರಟೆ.

“ಓಗ್ಲಿ ಬುಡವ್ವ,” ಎಂದರು ಅತ್ತೆ ಹಿಂದಿನಿಂದ. “ಅವ್ನ ಟೇಮು ಯಾರು ಬರ್ಕತರೆ?”